ಡ್ರಮ್ಮಿನ ಸೇತುವೆ

ಜಪಾನಿನ ಟೋಕಿಯೋ ನಗರದ ಪಶ್ಚಿಮಕ್ಕೆ, ಬೆಟ್ಟಗಳ ನಡುವೆ ಒಕುತಾಮಾ ಎಂಬ ಸರೋವರವಿದೆ. ನಾನು ಅಲ್ಲಿಗೆ ಬೆಟ್ಟ ಹತ್ತಲು ಹೋಗಿದ್ದೆ. ಎಷ್ಟು ಚೆಂದದ ನೋಟ! ಅದು 1957ರಲ್ಲಿ ಕಟ್ಟಿ ಮುಗಿಸಿದ ಒಗೋಚಿ ಅಣೆಕಟ್ಟಿನ ನೀರು. ಟೋಕಿಯೋ ಜನರಿಗೆ ಕುಡಿಯುವ ನೀರು. ಅದಕ್ಕಾಗಿ 945 ಕುಟುಂಬಗಳು ಮನೆ, ಹೊಲ ಬಿಟ್ಟು ಹೋದವು. ಹಳೆಯ ದಾರಿಯೂ ಮುಳುಗಿತು. ದಡದಲ್ಲಿ ಉಳಿದವರು ಆಚೆಗೆ ಹೋಗುವುದು ಹೇಗೆ? ಖಾಲಿ ಡ್ರಮ್ಮುಗಳನ್ನು ಸಾಲಾಗಿ ಜೋಡಿಸಿ ತೇಲುವ ಸೇತುವೆ ಮಾಡಿದರು! ಈಗ ಡ್ರಮ್ಮುಗಳ ಬದಲು ಪ್ಲಾಸ್ಟಿಕ್ ಇದೆ. ಆದರೂ ಜನ ಅದನ್ನು ಡ್ರಮ್ಮಿನ ಸೇತುವೆ ಎಂದೇ ಕರೆಯುತ್ತಾರೆ. ನೀರು ತೀರ ಇಳಿದರೆ ಸೇತುವೆಯನ್ನು ಮುಚ್ಚುತ್ತಾರೆ. ನಾನು ಹೋದ ದಿನ ನೀರು ತುಂಬಿತ್ತು. ಕಾಲಿಟ್ಟಾಗ ಸೇತುವೆ ತೊಟ್ಟಿಲಿನಂತೆ ತೂಗಿತು. ನಡುವೆ ನಿಂತು ಬಗ್ಗಿ ನೋಡಿದೆ. ಒಂದು ಮನೆಯೂ ಕಾಣಲಿಲ್ಲ. ಬರೀ ಹಸಿರು ನೀರು. ಆಚೆ ದಡದಿಂದ ಕಾಲುದಾರಿ ಕಾಡಿನೊಳಗೆ ಏರುತ್ತಿತ್ತು. ಮಿತೋ ಬೆಟ್ಟದ ಎತ್ತರ 1,531 ಮೀಟರ್. ನಡೆಯತೊಡಗಿದೆ.