ಮೀನಿಗೊಂದು ನ್ಯಾಯ, ಕಪ್ಪೆಗೊಂದು ನ್ಯಾಯ

ಮಳೆಯ ಲೆಕ್ಕವನ್ನು ನಕ್ಷತ್ರಗಳ ಹೆಸರಿನಲ್ಲಿ ಇಡುವುದು ನಮ್ಮ ಹಿರಿಯರ ರೂಢಿ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಎಣಿಸುತ್ತ ಅವರು ಬಿತ್ತನೆಯ ಹದವನ್ನು ನಿಶ್ಚಯಿಸುತ್ತಿದ್ದರು. ವಿಜಯಪುರ, ಬಾಗಲಕೋಟೆ, ಧಾರವಾಡ, ಹಾವೇರಿಗಳ ಕಡೆಯಿಂದ ಹೊಟ್ಟೆಪಾಡಿಗೆಂದು ಗೋವೆಗೆ ಬಂದ ನಮಗೆ, ಈ ನೆಲದ ಕೊಂಕಣಿಯಲ್ಲಿಯೂ ಅದೇ 'ಮಿರ್ಗ' ಕಿವಿಗೆ ಬಿದ್ದಾಗ ಆದ ಸಂತೋಷ ಚಿಕ್ಕದಲ್ಲ. ಊರಿನಲ್ಲಿ ಅದು ಕೂರಿಗೆ ಹೂಡುವ ಕಾಲ. ಇಲ್ಲಿಯಾದರೋ ಅದು ಕಡಲಿನಲ್ಲಿ ಮೀನೂ, ಗದ್ದೆಯಲ್ಲಿ ಕಪ್ಪೆಯೂ ಸಂತಾನಕ್ಕೆ ಅಣಿಯಾಗುವ ಕಾಲ. ಈ ಎರಡು ಜೀವಿಗಳನ್ನು ಅದೇ ಹೊತ್ತಿನಲ್ಲಿ ಮನುಷ್ಯ ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದು ಯೋಚಿಸತಕ್ಕ ಸಂಗತಿ.

ಮೊದಲು ಮೀನಿನ ಮಾತು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರಚಾಲಿತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೊದಲು 47 ದಿನಗಳಿದ್ದ ಈ ಅವಧಿಯನ್ನು 2015ರಲ್ಲಿ ಕೇಂದ್ರ ಸರ್ಕಾರ 61ಕ್ಕೆ ಏರಿಸಿತು. ಪೂರ್ವ ಕರಾವಳಿಯಲ್ಲಿ ಇದೇ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ನಡೆಯುತ್ತದೆ. ಒಂದೇ ದೇಶದಲ್ಲಿ ಎರಡು ದಿನಾಂಕಗಳೇಕೆ ಎಂದರೆ, ಎರಡು ಕಡಲುಗಳ ಹವೆಯೂ ಮೀನಿನ ನಡೆಯೂ ಒಂದೇ ಅಲ್ಲ. ಕಚೇರಿಯ ಅನುಕೂಲಕ್ಕಿಂತ ಕಡಲಿನ ಗತಿಯನ್ನು ನೋಡಿ ದಿನಾಂಕ ಗೊತ್ತುಮಾಡಿದ ಅಪರೂಪದ ಕಾನೂನು ಇದು.

ಗೋವೆಯವರು ತಾರ್ಲೆ ಎಂದೂ ಮಂಗಳೂರಿನವರು ಬೂತಾಯಿ ಎಂದೂ ಕರೆಯುವ ಮೀನನ್ನೇ ತೆಗೆದುಕೊಳ್ಳೋಣ. ಅದು ಮೊಟ್ಟೆಯಿಡುವುದು ಮುಖ್ಯವಾಗಿ ಮಳೆಗಾಲದ ತಿಂಗಳುಗಳಲ್ಲಿ. ಆ ಹೊತ್ತಿಗೆ ಕಡಲಿನ ಆಳದ ತಣ್ಣೀರು ಸತ್ತ್ವವನ್ನು ಹೊತ್ತು ಮೇಲೆದ್ದು ಬರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಮರಿಗಳಿಗೆ ಅದೇ ಅನ್ನ. ತಾಯಿಮೀನನ್ನು ಜೂನ್ ತಿಂಗಳಲ್ಲಿ ಬಲೆಗೆ ಹಾಕಿದವನು ಒಂದು ಮೀನನ್ನು ಹಿಡಿದಂತಲ್ಲ, ಮುಂದಿನ ವರ್ಷದ ಬುಟ್ಟಿಯನ್ನೇ ಬರಿದು ಮಾಡಿದಂತೆ.

ಈ ಸಂಯಮ ಕಾನೂನಿನಿಂದ ಮಾತ್ರ ಬಂದದ್ದಲ್ಲ. ಮೇ ತಿಂಗಳಲ್ಲಿಯೇ ಒಣಮೀನು, ಮೆಣಸಿನಕಾಯಿ, ಹುಣಸೆಗಳನ್ನು ಕೂಡಿಡುವ 'ಪುರುಮೆಂತ್' ಇಲ್ಲಿನ ಮನೆಗಳ ಹಳೆಯ ಪದ್ಧತಿ. ಜೂನ್ 29ರ ಸಂತ ಪೀಟರ್ ಹಬ್ಬಕ್ಕೆ ಮೀನುಗಾರರು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ತೇಲುವ ರಂಗಸ್ಥಳವನ್ನಾಗಿಸಿ 'ಸಾಂಗೊಡ್' ಆಚರಿಸುತ್ತಾರೆ. ಬೇಟೆಯ ದೋಣಿ ಅಂದು ಆಟದ ದೋಣಿಯಾಗುತ್ತದೆ. ಶ್ರಾವಣದಲ್ಲಿ ನಾವು ನೂಲಹುಣ್ಣಿಮೆ ಎನ್ನುವ ದಿನ, ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಹೊಸ ಋತುವಿಗೆ ಬಲೆ ಹಿಡಿಯುವುದು ಕೊಂಕಣ ತೀರದ ಸಂಪ್ರದಾಯ. ಕಾನೂನು ಬರುವ ಮೊದಲೇ ಈ ಜನ ಕಡಲಿಗೆ ಬಿಡುವು ಕೊಟ್ಟಿದ್ದರು.

ಈ ಬಿಡುವಿಗೆ ಬೆಲೆ ತೆರುವವರೂ ಇದ್ದಾರೆ. ಮಾಲಿಂ, ವಾಸ್ಕೋ, ಕುಟ್ಬಣ ಜೆಟ್ಟಿಗಳು ಮೌನವಾದಾಗ ಮಂಜುಗಡ್ಡೆ ಹೊರುವವರು, ಬುಟ್ಟಿ ಎತ್ತುವವರು, ಮೀನಿನ ಲಾರಿ ಓಡಿಸುವವರು ಎರಡು ತಿಂಗಳು ಬೇರೆ ಕೂಲಿ ಹುಡುಕಬೇಕು. ಅವರಲ್ಲಿ ನಮ್ಮವರೂ ಉಂಟು. ಆಗಸ್ಟಿನಲ್ಲಿ ನಮ್ಮ ತಟ್ಟೆಗೆ ಬರುವ ಬಂಗುಡೆಯ ಹಿಂದೆ ಅವರ ಈ ಕಾಯುವಿಕೆ ಇದೆ ಎಂಬುದನ್ನು ಮರೆಯಲಾಗದು.

ಇನ್ನು ಕಪ್ಪೆಯ ಮಾತು. ಬೇಸಗೆಯುದ್ದಕ್ಕೂ ಮಣ್ಣಿನೊಳಗೆ ಅಡಗಿದ್ದ ದೊಡ್ಡ ಗೂಳಿಗಪ್ಪೆ ಮೊದಲ ದೊಡ್ಡ ಮಳೆಯ ರಾತ್ರಿ ಹೊರಬರುತ್ತದೆ. ಗಂಡು ನಿಂಬೆಯ ಹಳದಿಗೆ ತಿರುಗಿ, ಗಂಟಲ ಎರಡು ಬದಿಯ ನೀಲಿ ಚೀಲಗಳನ್ನುಬ್ಬಿಸಿ ಕೂಗುತ್ತದೆ. ಆ ಕೂಗನ್ನು ಕೇಳಿ ಹೆಣ್ಣು ಬರುತ್ತದೆ. ನಿಂತ ನೀರಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಕೆಲವೇ ದಿನಗಳಲ್ಲಿ ಮುಗಿದುಹೋಗುವ ಉತ್ಸವ ಇದು. ಆದರೆ ಅದೇ ಕೂಗನ್ನು ಕೇಳಿ ಗೋಣಿಚೀಲವೂ ಬ್ಯಾಟರಿಯೂ ಬರುತ್ತವೆ. ಬೆಳಕು ಬಿದ್ದ ಕಪ್ಪೆ ಕದಲದೆ ಕೂರುತ್ತದೆ, ಹಿಡಿಯುವುದು ಸುಲಭ. 'ಜಂಪಿಂಗ್ ಚಿಕನ್' ಎಂಬ ಸುಳ್ಳು ಹೆಸರಿನಲ್ಲಿ ಅದರ ಕಾಲುಗಳು ಗುಟ್ಟಾಗಿ ಮಾರಾಟವಾಗುತ್ತವೆ.

ಕಾನೂನು ಇಲ್ಲಿ ಪಕ್ಷಪಾತ ಮಾಡಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈ ಕಪ್ಪೆಯನ್ನು ಹಿಡಿಯುವುದೂ ಮಾರುವುದೂ ವರ್ಷದ ಎಲ್ಲ ದಿನವೂ ಅಪರಾಧ. ಅರಣ್ಯ ಇಲಾಖೆ ಮಳೆಗಾಲದಲ್ಲಿ ರಾತ್ರಿ ಗಸ್ತು ತಿರುಗುತ್ತದೆ. ಕಪ್ಪೆಗಾಲಿನ ರಫ್ತನ್ನು ಭಾರತ 1987ರಲ್ಲಿಯೇ ನಿಲ್ಲಿಸಿತು; ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆಯನ್ನು ಹೊರಗೆ ಕಳಿಸಿ, ಕೀಟನಾಶಕವನ್ನು ಹಣ ಕೊಟ್ಟು ತರುವುದು ಯಾವ ಲೆಕ್ಕಕ್ಕೂ ಹೊಂದದ ವ್ಯಾಪಾರವಾಗಿತ್ತು. ಭೇದವೆಣಿಸಿದ್ದು ನಾಲಗೆ. ಮೀನಿನ ವಿಷಯದಲ್ಲಿ ಬಸಿರಿನ ಕಾಲವೆಂದು ಕೈ ಹಿಂದೆಗೆದ ನಾಡಿನಲ್ಲಿಯೇ, ಕಪ್ಪೆಯ ವಿಷಯದಲ್ಲಿ ಆ ಕಾಲವೇ ಬೇಟೆಯ ಮುಹೂರ್ತವಾಯಿತು.

ಬೇಟೆಗೆ ಅನುಮತಿಯಿರುವ ದೇಶಗಳಲ್ಲಿಯೂ ಮುಹೂರ್ತದ ಚರ್ಚೆ ನಡೆಯುತ್ತದೆ. ಅಮೆರಿಕದಲ್ಲಿ ಕಾಡು ಟರ್ಕಿಯ ವಸಂತದ ಬೇಟೆಯಲ್ಲಿ ಗುರಿ ಗಂಡುಹಕ್ಕಿ ಮಾತ್ರ. ಹೆಣ್ಣುಗಳು ಕೂಡಿ ಕಾವಿಗೆ ಕೂರುವ ವೇಳೆಯನ್ನು ಗಮನಿಸಿ ದಿನಾಂಕ ಇಡುತ್ತಾರೆ. ಹಕ್ಕಿಗಳ ಸಂಖ್ಯೆ ಇಳಿದಾಗ, ಗಂಡನ್ನು ಬೇಗ ಕೊಂದದ್ದೂ ಕಾರಣವಿರಬಹುದೆಂದು ಜಾರ್ಜಿಯಾ, ಟೆನೆಸಿಯಂಥ ರಾಜ್ಯಗಳು ಈಚಿನ ವರ್ಷಗಳಲ್ಲಿ ಬೇಟೆಯ ಆರಂಭವನ್ನು ಮುಂದಕ್ಕೆ ಹಾಕಿವೆ. ಬಂದೂಕು ಹಿಡಿದವನೂ ಮೊದಲು ಹಕ್ಕಿಯ ಪಂಚಾಂಗವನ್ನು ಓದಬೇಕು ಎಂಬುದು ಅಲ್ಲಿಯ ನಡೆ.

ಗೋವೆಯ ಅನ್ನ ಉಂಡ ನಮಗೂ ಇದರಲ್ಲಿ ಪಾಲುಂಟು. ಹೋಟೆಲಿನಲ್ಲಿ ಆ ತಿನಿಸನ್ನು ಯಾರಾದರೂ ಪಿಸುಮಾತಿನಲ್ಲಿ ಹೇಳಿದರೆ ಬೇಡವೆನ್ನುವುದು, ರಾತ್ರಿ ಗದ್ದೆಯಲ್ಲಿ ಚೀಲ ಹಿಡಿದವರು ಕಂಡರೆ ಅರಣ್ಯ ಇಲಾಖೆಗೆ ತಿಳಿಸುವುದು, ಆಗಸ್ಟಿನ ಪೇಟೆಯಲ್ಲಿ ಬೆರಳುದ್ದದ ಮರಿಮೀನನ್ನು ಕೊಳ್ಳದಿರುವುದು, ಇವು ದೊಡ್ಡ ತ್ಯಾಗಗಳೇನಲ್ಲ. ನಮ್ಮ ಮಕ್ಕಳು ಇಲ್ಲಿಯೇ ಹುಟ್ಟಿ ಇಲ್ಲಿಯೇ ಬೆಳೆಯುತ್ತಿದ್ದಾರೆ. ಮಿರಗದ ಮಳೆಗೆ ಏನನ್ನು ಬಿತ್ತಬೇಕೆಂದು ನಮ್ಮ ಹಿರಿಯರು ನಮಗೆ ಕಲಿಸಿದರು. ಆ ಮಳೆಗೆ ಯಾವುದನ್ನು ಮುಟ್ಟಬಾರದೆಂದು ನಾವು ಈ ಮಕ್ಕಳಿಗೆ ಕಲಿಸಬೇಕಾಗಿದೆ.