ಕಲ್ಲುಕಂಬಗಳ ನಡುಗಡ್ಡೆಗೆ ಹೋಗುವ ಮುನ್ನ

ದ್ವೀಪ ಎಂದೊಡನೆ ಇಂದಿನ ಮಕ್ಕಳ ಕಣ್ಣ ಮುಂದೆ ಬರುವುದು ಗ್ರೀಸ್ ದೇಶದ ಚಿತ್ರ. ನೀಲಿ ಕಡಲು, ಗುಡ್ಡದ ಮೇಲೆ ಸುಣ್ಣ ಬಳಿದ ಬಿಳಿ ಮನೆಗಳು, ನೀಲಿ ಗುಮ್ಮಟದ ಇಗರ್ಜಿಗಳು. ಸ್ಯಾಂಟೊರಿನಿ ಎಂಬ ಹೆಸರು ಹೈಸ್ಕೂಲು ಹುಡುಗರಿಗೂ ಗೊತ್ತು. ಆದರೆ ಅಲ್ಲಿಗೆ ಹೋಗಬೇಕೆಂದರೆ ಪಾಸ್‌ಪೋರ್ಟ್ ಬೇಕು, ವೀಸಾ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಅಪ್ಪ-ಅಮ್ಮಂದಿರ ಹಲವು ತಿಂಗಳ ಸಂಬಳ ಬೇಕು. ಬೆಂಗಳೂರಿನ ದಂಡು ಪ್ರದೇಶದ ಮಕ್ಕಳು ಸದ್ಯಕ್ಕೆ ಹಲಸೂರು ಕೆರೆಯ ನಡುವಿನ ಪುಟ್ಟ ನಡುಗಡ್ಡೆಗಳನ್ನು ದಡದಿಂದಲೇ ನೋಡಿ ಸಮಾಧಾನಪಟ್ಟುಕೊಳ್ಳಬೇಕು!

ಹಾಗೆಂದು ನಿರಾಶರಾಗಬೇಕಿಲ್ಲ. ಸ್ಯಾಂಟೊರಿನಿಯಂತೆಯೇ ಬೆಂಕಿಯಿಂದ ಹುಟ್ಟಿದ, ಅದಕ್ಕಿಂತ ಎಷ್ಟೋ ಪಾಲು ಹಳೆಯದಾದ ದ್ವೀಪವೊಂದು ನಮ್ಮ ರಾಜ್ಯದಲ್ಲೇ ಇದೆ. ಉಡುಪಿಯ ಮಲ್ಪೆ ಕಡಲ ತೀರದಿಂದ ಸ್ವಲ್ಪ ದೂರದಲ್ಲಿರುವ ಸೇಂಟ್ ಮೇರಿಸ್ ದ್ವೀಪ ಅದು. ಶಿವಾಜಿನಗರ, ಇಂದಿರಾನಗರ, ಕೆ.ಆರ್. ಪುರದ ಕಡೆಯವರಿಗೆ ಅದು ಒಂದು ರಾತ್ರಿಯ ರೈಲು ಪ್ರಯಾಣ ಮತ್ತು ಅರ್ಧ ಗಂಟೆಯ ದೋಣಿ ಪ್ರಯಾಣದಷ್ಟೇ ದೂರ. ಶಾಲಾ ಕಾಲೇಜುಗಳ ಪ್ರವಾಸದ ಪಟ್ಟಿಯಲ್ಲೂ ಈ ಹೆಸರು ಆಗಾಗ ಕಾಣಿಸುತ್ತದೆ. ಹೋಗುವ ವಿದ್ಯಾರ್ಥಿಗಳಿಗೆ ಮತ್ತು ಕಳುಹಿಸುವ ತಂದೆ-ತಾಯಿಯರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ನೋಡಬೇಕಾದ್ದು ಏನು?

ಸೇಂಟ್ ಮೇರಿಸ್ ಎಂಬುದು ಒಂದೇ ದ್ವೀಪವಲ್ಲ, ನಾಲ್ಕಾರು ನಡುಗಡ್ಡೆಗಳ ಸಾಲು. ಪ್ರವಾಸಿಗರು ಹೋಗುವುದು ಅವುಗಳಲ್ಲಿ ತೆಂಗಿನ ಮರಗಳಿರುವ ಒಂದಕ್ಕೆ. ಸ್ಥಳೀಯರು ಅದನ್ನು ತೋನ್ಸೆಪಾರ್ ಎನ್ನುತ್ತಾರೆ. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ಸುಮಾರು ನೂರು ಮೀಟರ್, ಅಷ್ಟೆ. 1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೊ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು, ಮೇರಿ ಮಾತೆಯ ಹೆಸರಿಟ್ಟ ಎಂಬುದು ಪ್ರತೀತಿ.

ಇಲ್ಲಿನ ನಿಜವಾದ ವಿಸ್ಮಯ ಕಲ್ಲು. ಬಡಗಿ ಅಳತೆ ಹಿಡಿದು ಕೊಯ್ದು ನಿಲ್ಲಿಸಿದಂತೆ ಐದು, ಆರು, ಏಳು ಮುಖಗಳ ಕಲ್ಲುಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕೆಲವು ಆರು ಮೀಟರಿನಷ್ಟು ಎತ್ತರ, ಕೆಲವು ಮೆಟ್ಟಿಲಿನಷ್ಟು ಗಿಡ್ಡ. ಇವನ್ನು ಯಾರೂ ಕೆತ್ತಲಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾರಸ ನಿಧಾನವಾಗಿ ತಣ್ಣಗಾಗುತ್ತಾ ಕುಗ್ಗಿತು, ಕುಗ್ಗುವಾಗ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರು ಬಿಲ್ಲೆ ಬಿಲ್ಲೆಯಾಗಿ ಸೀಳುವುದನ್ನು ನೀವು ನೋಡಿರಬಹುದು. ಹೆಚ್ಚೂಕಡಿಮೆ ಅದೇ ಬಗೆಯ ಸೀಳು ಮೇಲಿನಿಂದ ಆಳಕ್ಕೆ ಇಳಿದರೆ ಬಿಲ್ಲೆಗಳು ಕಂಬಗಳಾಗುತ್ತವೆ.

ಭಾರತ ಮತ್ತು ಮಡಗಾಸ್ಕರ್ ಒಂದೇ ಭೂಭಾಗವಾಗಿದ್ದು ಬೇರ್ಪಟ್ಟ ಕಾಲವೂ ಇದೇ. ಆ ಅಗಲಿಕೆಯ ಗುರುತುಗಳಲ್ಲಿ ಈ ಕಲ್ಲೂ ಒಂದು ಎನ್ನುತ್ತಾರೆ ಭೂವಿಜ್ಞಾನಿಗಳು. ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಹುಟ್ಟಿದ್ದು ಇದಾದ ಎರಡು ಕೋಟಿ ವರ್ಷಗಳ ನಂತರ. ಸ್ಯಾಂಟೊರಿನಿಯ ಹೆಸರಾಂತ ಮಹಾಸ್ಫೋಟವಾಗಿ ಸುಮಾರು 3,600 ವರ್ಷವಾಗಿದೆ, ಅಷ್ಟೇ. ಇಂತಹ ಕಲ್ಲುಕಂಬಗಳು ಗ್ರೀಸಿನ ಮೀಲೋಸ್ ದ್ವೀಪದ ಬಳಿ ಇವೆ, ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿಯೂ ಇವೆ. ನಮ್ಮದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಲಾಲ್‌ಬಾಗಿನ ಬಂಡೆಗೂ ಇದೇ ಗೌರವವಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ದ್ವೀಪಕ್ಕೆ ಹೊರಡುವ ಹಿಂದಿನ ಭಾನುವಾರ ಮಕ್ಕಳನ್ನು ಲಾಲ್‌ಬಾಗಿನ ಬಂಡೆಯ ಮೇಲೆ ಒಮ್ಮೆ ಓಡಾಡಿಸಿ. ಎರಡು ಕಲ್ಲುಗಳ ವ್ಯತ್ಯಾಸ ಅವರಿಗೇ ತಿಳಿಯುತ್ತದೆ.

ಯಾವಾಗ, ಹೇಗೆ?

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇಲ್ಲ. ಕಡಲು ಉಗ್ರವಾಗುವುದರಿಂದ ಮೇ ತಿಂಗಳ ನಡುವಿನಿಂದಲೋ ಕೊನೆಯಿಂದಲೋ ಸೆಪ್ಟೆಂಬರ್‌ವರೆಗೆ ಸಂಚಾರ ನಿಲ್ಲಿಸಲಾಗುತ್ತದೆ. ದಿನಾಂಕ ಆಯಾ ವರ್ಷದ ಹವೆಯನ್ನು ಅವಲಂಬಿಸಿದೆ. ನವೆಂಬರಿನಿಂದ ಫೆಬ್ರುವರಿವರೆಗಿನ ಕಾಲ ಉತ್ತಮ. ಏಪ್ರಿಲ್, ಮೇ ರಜೆಯಲ್ಲಿ ಹೋದರೆ ಬಿಸಿಲಿಗೆ ಸಿದ್ಧರಾಗಿರಬೇಕು. ಬೇರೆ ತಿಂಗಳಲ್ಲೂ ಚಂಡಮಾರುತದ ಮುನ್ಸೂಚನೆ ಬಂದರೆ ದೋಣಿ ನಿಲ್ಲುತ್ತದೆ. ಆದ್ದರಿಂದ ಹೊರಡುವ ಮುನ್ನ ಉಡುಪಿಯಲ್ಲಿ ವಿಚಾರಿಸಿಕೊಳ್ಳಿ.

ಪೂರ್ವ ಬೆಂಗಳೂರಿನವರಿಗೆ ರೈಲು ಬಹಳ ಅನುಕೂಲ. 2022ರಲ್ಲಿ ಆರಂಭವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರುಡೇಶ್ವರಕ್ಕೆ ಹೋಗುವ ರಾತ್ರಿ ರೈಲು ಉಡುಪಿಯಲ್ಲಿ ನಿಲ್ಲುತ್ತದೆ. ಮೈಸೂರಿನ ಮೇಲೆ ಸುತ್ತಿಕೊಂಡು ಹೋಗುವುದರಿಂದ ಹೊತ್ತು ಹೆಚ್ಚು. ಬೇಗ ತಲುಪಬೇಕೆನ್ನುವವರು ಮೆಜೆಸ್ಟಿಕ್‌ನಿಂದ ಕುಣಿಗಲ್, ಹಾಸನದ ಮೂಲಕ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿಯಬಹುದು. ಕೆ.ಆರ್. ಪುರ, ಇಂದಿರಾನಗರ, ಹಲಸೂರಿನವರಿಗೆ ಮೆಜೆಸ್ಟಿಕ್‌ಗೆ ನೇರ ಮೆಟ್ರೋ ಇದೆ. ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣದಿಂದ ಟರ್ಮಿನಲ್‌ಗೆ ಮಾತ್ರ ಆಟೋ ಅಥವಾ ಬಸ್ಸು ಬೇಕು. ಸಾಮಾನು, ಮಕ್ಕಳು ಇದ್ದವರು ಇದಕ್ಕೆ ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳುವುದು ಜಾಣತನ. ಮುಂಗಡ ಟಿಕೆಟ್ 60 ದಿನ ಮೊದಲೇ ಸಿಗುತ್ತದೆ. ದಸರಾ, ಕ್ರಿಸ್‌ಮಸ್ ರಜೆಗಳಲ್ಲಿ ಮೊದಲ ದಿನವೇ ಕಾಯ್ದಿರಿಸಬೇಕು. ಘಾಟಿಯಲ್ಲಿ ದುರಸ್ತಿ ನಡೆಯುವಾಗ ವೇಳೆ ಬದಲಾಗುವುದುಂಟು, ಖಚಿತಪಡಿಸಿಕೊಳ್ಳಿ.

ರಸ್ತೆಯಲ್ಲಿ ಹೋದರೆ ಸುಮಾರು 400 ಕಿಲೋಮೀಟರ್. ರಾತ್ರಿ ಬಸ್ಸುಗಳು ಬೇಕಾದಷ್ಟಿವೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ವಾಂತಿಯಾಗುವ ಮಕ್ಕಳಿದ್ದರೆ ರೈಲೇ ಮೇಲು.

ಉಡುಪಿ ರೈಲು ನಿಲ್ದಾಣವಿರುವುದು ಊರ ಹೊರಗೆ ಇಂದ್ರಾಳಿಯಲ್ಲಿ. ಅಲ್ಲಿಂದ ಬಸ್ ನಿಲ್ದಾಣಕ್ಕೆ ಬಂದರೆ ಮಲ್ಪೆಗೆ ಸಿಟಿ ಬಸ್ಸುಗಳು ಸಿಗುತ್ತವೆ. ದೂರ ಆರು ಕಿಲೋಮೀಟರ್ ಇರಬಹುದು. ಸ್ನಾನ ಮುಗಿಸಿ, ಕೃಷ್ಣಮಠ ನೋಡಿ, ಹಗುರವಾಗಿ ತಿಂಡಿ ತಿಂದು ಹೊರಡಿ. ಹೊಟ್ಟೆ ಬಿರಿಯ ತಿಂದು ದೋಣಿ ಹತ್ತಿದರೆ ಕಡಲು ಅದನ್ನು ಹಿಂದಕ್ಕೆ ಕೇಳುತ್ತದೆ.

ದೋಣಿಯಲ್ಲಿ

ಬೆಳಗಿನ ದೋಣಿಯೇ ಒಳ್ಳೆಯದು. ಹೊತ್ತೇರಿದಂತೆ ನೆಲ ಕಾಯುತ್ತದೆ, ಕಡಲಿನಿಂದ ಗಾಳಿ ಬೀಸತೊಡಗುತ್ತದೆ, ಮಧ್ಯಾಹ್ನದ ಮೇಲೆ ಅಲೆ ಹೆಚ್ಚುತ್ತದೆ. ಬಿಸಿಲೂ ಬೆಳಿಗ್ಗೆ ಕಡಿಮೆ. ಟಿಕೆಟ್ ಕೊಳ್ಳುವಾಗ ಹೋಗಿ ಬರುವ ಎರಡಕ್ಕೂ ಸೇರಿದ ದರವೇ ಎಂದು ಕೇಳಿ. ವಾಪಸಾಗುವ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂಬುದನ್ನೂ ತಿಳಿದುಕೊಳ್ಳಿ. ದ್ವೀಪದಲ್ಲಿ ರಾತ್ರಿ ಉಳಿಯಲು ಅವಕಾಶವಿಲ್ಲ.

ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಸಿಗಬೇಕು. ಹೆಗಲಿಗೆ ಸುಮ್ಮನೆ ನೇತುಹಾಕಿಕೊಂಡರೆ ಸಾಲದು, ಪಟ್ಟಿ ಬಿಗಿದು ಕಟ್ಟಬೇಕು. ಮಕ್ಕಳಿಗೆ ಮಕ್ಕಳ ಅಳತೆಯದನ್ನೇ ಕೇಳಿ. ದೊಡ್ಡವರದ್ದು ನೀರಿನಲ್ಲಿ ಕತ್ತಿನಿಂದ ಜಾರಿಬಿಡುತ್ತದೆ. ದೋಣಿ ತುಂಬಿ ತುಳುಕುವಂತಿದ್ದರೆ ಮುಂದಿನದಕ್ಕೆ ಕಾಯಿರಿ. ದಡದ ಬಳಿ ಆಳವಿಲ್ಲದಾಗ ದೊಡ್ಡ ದೋಣಿಯಿಂದ ಚಿಕ್ಕದಕ್ಕೆ ದಾಟಿಸುವುದುಂಟು, ಮೊಣಕಾಲುದ್ದ ನೀರಿನಲ್ಲಿ ಇಳಿಯಬೇಕಾಗುವುದೂ ಉಂಟು. ಅಜ್ಜ ಅಜ್ಜಿಯರನ್ನು ಕರೆದೊಯ್ಯುವವರು ಇದನ್ನು ಮೊದಲೇ ಯೋಚಿಸಿಕೊಳ್ಳಬೇಕು.

ಕಲ್ಲು ನೋಡಿ, ನೀರಿಗಿಳಿಯಬೇಡಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡಬೇಕೆಂದರೆ ಇದನ್ನು ನೆನಪಿಡಿ. ಸೇಂಟ್ ಮೇರಿಸ್ ಕಲ್ಲು ನೋಡುವ ಜಾಗ. ಈಜುವ ಜಾಗವಲ್ಲ.

2022ರ ಏಪ್ರಿಲ್‌ನಲ್ಲಿ ಕೇರಳದ ಕೊಟ್ಟಾಯಂನಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ದ್ವೀಪದಲ್ಲೇ ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ, ಇದೇ ಕರಾವಳಿಯ ಉತ್ತರದಲ್ಲಿರುವ ಮುರುಡೇಶ್ವರದಲ್ಲಿ, ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರನ್ನು ಅಲೆ ಸೆಳೆದೊಯ್ದಿತು. ಮುಳಬಾಗಿಲು ನಮಗೆ ದೂರದ ಊರಲ್ಲ. ಕೆ.ಆರ್. ಪುರ ದಾಟಿ ಕೋಲಾರದತ್ತ ಸಾಗುವ ಹೆದ್ದಾರಿ 75ರ ಮೇಲೆಯೇ ಇದೆ. ಅದೇ ಹೆದ್ದಾರಿ ಪಶ್ಚಿಮಕ್ಕೆ ಹೋಗಿ ಕರಾವಳಿ ಸೇರುತ್ತದೆ. ಬಯಲುಸೀಮೆಯ ಮಕ್ಕಳು ಕಡಲನ್ನು ಮೊದಲ ಸಲ ನೋಡುವುದು ಇಂತಹ ಪ್ರವಾಸಗಳಲ್ಲೇ. ನೋಡಿದ ಕೂಡಲೇ ಓಡಿ ಹೋಗಿ ಕಾಲು ನೆನೆಸುವ ಆಸೆ ಯಾರಿಗಿರುವುದಿಲ್ಲ?

"ನಮ್ಮ ಹುಡುಗನಿಗೆ ಈಜು ಬರುತ್ತದೆ" ಎಂಬ ಧೈರ್ಯ ಬೇಡ. ಹಲಸೂರಿನ ಕೆನ್ಸಿಂಗ್‌ಟನ್ ಈಜುಕೊಳದಲ್ಲಿ ಕಲಿತ ಈಜು ನಿಂತ ನೀರಿನ ಈಜು. ಅಲ್ಲಿ ಅಲೆಯಿಲ್ಲ, ಸೆಳೆತವಿಲ್ಲ, ಕೈ ಚಾಚಿದರೆ ಅಂಚು ಸಿಗುತ್ತದೆ. ಈ ದ್ವೀಪದ ಸುತ್ತ ಅಂಚೆಂದರೆ ಪಾಚಿಗಟ್ಟಿದ ಕಲ್ಲು. ಅಲೆ ಒದ್ದೆ ಮಾಡಿದ ಕಂಬದ ಮೇಲೆ ಕಾಲಿಟ್ಟರೆ ಜಾರುತ್ತದೆ. ಬಿದ್ದವನನ್ನು ಹಿಂದಿನ ಅಲೆ ಕಲ್ಲಿಗೆ ಅಪ್ಪಳಿಸುತ್ತದೆ, ಹಿಂಜರಿವ ನೀರು ಒಳಕ್ಕೆ ಎಳೆಯುತ್ತದೆ. ದಿನಕ್ಕೆರಡು ಬಾರಿ ಉಬ್ಬರವಿಳಿತವೂ ಇರುವುದರಿಂದ ಈಗ ಒಣಗಿ ಕಾಣುವ ಬಂಡೆ ಎರಡು ಗಂಟೆಯಲ್ಲಿ ನೀರಿನಲ್ಲಿರಬಹುದು.

ಆದ್ದರಿಂದ ಕೆಲವು ನಿಯಮಗಳು. ಒದ್ದೆಯಾಗಿರುವ ಕಲ್ಲು ನಿಮ್ಮದಲ್ಲ, ಕಡಲಿನದು. ಒಣ ಕಲ್ಲಿನ ಮೇಲೆ ಮಾತ್ರ ನಿಲ್ಲಿ. ಕಡಲಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳಬೇಡಿ. ಬೇಲಿ, ಕೆಂಪು ಬಾವುಟ, ಎಚ್ಚರಿಕೆ ಫಲಕ ಇರುವ ಕಡೆ ದಾಟಬೇಡಿ. ಕಾವಲುಗಾರರ ಸೀಟಿ ಕೇಳಿದರೆ ವಾದಕ್ಕೆ ನಿಲ್ಲದೆ ಹಿಂದಕ್ಕೆ ಬನ್ನಿ. ಅಕಸ್ಮಾತ್ ಯಾರಾದರೂ ನೀರಿಗೆ ಬಿದ್ದರೆ ಉಳಿದವರು ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಮುಳುಗುವುದೇ ಹೆಚ್ಚು. ಲೈಫ್ ಜಾಕೆಟ್, ಖಾಲಿ ಕ್ಯಾನು, ಹಗ್ಗ ಯಾವುದು ಸಿಕ್ಕರೂ ಎಸೆಯಿರಿ, ಕಾವಲುಗಾರರನ್ನೂ ದೋಣಿಯವರನ್ನೂ ಕೂಗಿ, 112ಕ್ಕೆ ಕರೆ ಮಾಡಿ. ಸೆಳೆತಕ್ಕೆ ಸಿಕ್ಕವನು ಅದಕ್ಕೆ ಎದುರಾಗಿ ಈಜಿ ದಣಿಯಬಾರದು. ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಸರಿದು ಸೆಳೆತದಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು.

ಸಹಿ ಹಾಕುವ ಮುನ್ನ

ಶಾಲೆಯಿಂದ ಪ್ರವಾಸದ ಒಪ್ಪಿಗೆ ಪತ್ರ ಬಂದಾಗ ನಮ್ಮಲ್ಲಿ ಹೆಚ್ಚಿನವರು ಹಣ ಎಷ್ಟು, ಊಟ ಏನು ಎಂದು ಕೇಳಿ ಸಹಿ ಹಾಕಿಬಿಡುತ್ತೇವೆ. ಇನ್ನೂ ಮೂರು ಪ್ರಶ್ನೆ ಕೇಳಿ. ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು? ಕಡಲ ತೀರದಲ್ಲಿ ಮಕ್ಕಳನ್ನು ನೀರಿಗಿಳಿಸುತ್ತೀರಾ? ಯಾವ ಹೊತ್ತಿಗೆ ಕಡಲ ಬಳಿ ಇರುತ್ತೀರಿ? ಹಿಂದಿನ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟ ಶಿಕ್ಷಕರು, ಮುಸ್ಸಂಜೆಯ ಮಬ್ಬು, ಐವತ್ತು ಮಕ್ಕಳು, ಇವು ಮೂರೂ ಕೂಡಿದರೆ ಅಪಾಯ. ಪ್ರಶ್ನೆ ಕೇಳಿದರೆ ಮೇಷ್ಟ್ರಿಗೆ ಬೇಸರವಾದೀತು ಎಂಬ ಸಂಕೋಚ ಬೇಡ. ಒಳ್ಳೆಯ ಮೇಷ್ಟ್ರಿಗೆ ಇಂತಹ ಪ್ರಶ್ನೆ ಬಲ ಕೊಡುತ್ತದೆ. "ನಿಮ್ಮ ಅಪ್ಪ ಅಮ್ಮನಿಗೆ ಮಾತು ಕೊಟ್ಟಿದ್ದೇನೆ" ಎಂದು ಅವರು ಮಕ್ಕಳಿಗೆ ಗದರಿ ಹೇಳಬಹುದು.

ವಿದ್ಯಾರ್ಥಿಗಳೇ, ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ. ಜೋಡಿಯವನು ಎಲ್ಲಿದ್ದಾನೆಂದು ಹತ್ತು ನಿಮಿಷಕ್ಕೊಮ್ಮೆ ನೋಡಿಕೊಳ್ಳಿ. ದೋಣಿ ಹತ್ತುವಾಗ, ಇಳಿಯುವಾಗ ತಲೆ ಎಣಿಸಲು ನೆರವಾಗಿ.

ಏನು ಒಯ್ಯಬೇಕು?

ಒಬ್ಬರಿಗೆ ಒಂದೂವರೆ ಲೀಟರ್ ಕುಡಿಯುವ ನೀರು, ಟೋಪಿ, ಒಣ ತಿಂಡಿ, ಒಂದು ಜೊತೆ ಬಟ್ಟೆ. ದ್ವೀಪದಲ್ಲಿ ತೆಂಗಿನ ಮರಗಳ ಅಡಿ ಬಿಟ್ಟರೆ ನೆರಳು ಕಡಿಮೆ. ಮರಳಿಗಿಂತ ಚಿಪ್ಪೇ ಹೆಚ್ಚಾಗಿರುವುದರಿಂದ ಬರಿಗಾಲು ಕುಯ್ದುಕೊಳ್ಳುತ್ತದೆ, ರಬ್ಬರ್ ಚಪ್ಪಲಿ ಜಾರುತ್ತದೆ. ಹಿಂಬದಿ ಪಟ್ಟಿ ಇರುವ, ಹಿಡಿತದ ಅಟ್ಟೆಯ ಸ್ಯಾಂಡಲ್ ಅಥವಾ ಕ್ಯಾನ್ವಾಸ್ ಶೂ ಒಳ್ಳೆಯದು. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ. ಸ್ಮಾರಕವೆಂದ ಮೇಲೆ ಕಲ್ಲು ಒಡೆಯುವುದು, ಹೆಸರು ಕೆತ್ತುವುದು ಸಲ್ಲದು.

ಅಳತೆಪಟ್ಟಿ, ನೋಟ್‌ಬುಕ್ ಮರೆಯಬೇಡಿ. ಒಣ ಜಾಗದಲ್ಲಿ ಇಪ್ಪತ್ತು ಕಂಬಗಳನ್ನು ಆರಿಸಿ, ಮುಖಗಳನ್ನು ಎಣಿಸಿ, ಪ್ರತಿ ಮುಖದ ಅಗಲ ಅಳೆದು ಬರೆದುಕೊಳ್ಳಿ. ಐದು ಮುಖದವು ಎಷ್ಟು, ಆರು ಮುಖದವು ಎಷ್ಟು, ಏಳರವು ಎಷ್ಟು? ಈ ಲೆಕ್ಕ ವಿಜ್ಞಾನದ ಮೇಷ್ಟ್ರಿಗೆ ತೋರಿಸಲು ಸಿದ್ಧವಾದ ಪ್ರಾಜೆಕ್ಟ್. ಇದರಲ್ಲಿ ಮುಳುಗಿದ ಹುಡುಗರಿಗೆ ಎರಡು ಗಂಟೆ ಕಳೆದದ್ದೇ ತಿಳಿಯುವುದಿಲ್ಲ, ನೀರಿನ ಕಡೆ ಗಮನವೂ ಹೋಗುವುದಿಲ್ಲ.

ದಡಕ್ಕೆ ಮರಳಿದ ಮೇಲೆ ಹೊತ್ತಿದ್ದರೆ ಮಲ್ಪೆಯ ಮೀನುಗಾರಿಕೆ ಬಂದರು ನೋಡಿ. ಜೂನ್ ಮತ್ತು ಜುಲೈ ಬಿಟ್ಟರೆ ಯಾಂತ್ರಿಕ ದೋಣಿಗಳ ಗದ್ದಲ ಅಲ್ಲಿ ಇದ್ದೇ ಇರುತ್ತದೆ. ಕಡಲಿನಲ್ಲೇ ಬದುಕು ಕಳೆದ ಮೊಗವೀರ ಹಿರಿಯರನ್ನು ಅದರ ಬಗ್ಗೆ ಕೇಳಿ ನೋಡಿ. ನಮ್ಮ ಯಾವ ಎಚ್ಚರಿಕೆಗಿಂತಲೂ ಅವರ ಮಾತು ಮಕ್ಕಳ ಮನಸ್ಸಿಗೆ ಬೇಗ ನಾಟುತ್ತದೆ.