ಡಾಂಬರಿನಡಿಯ ಹಿರಿಯರು

ಕ್ಯಾಲಿಫೋರ್ನಿಯಾದ ಬರ್ಕ್ಲಿ ರೈಲು ನಿಲ್ದಾಣದ ಪಕ್ಕದಲ್ಲೇ ಆ ಜಾಗ. ಫೋರ್ತ್ ಸ್ಟ್ರೀಟಿನ ಅಂಗಡಿಗಳಿಗೂ ಸ್ಪೆಂಗರ್ಸ್ ಎಂಬ ಹಳೆಯ ಮೀನೂಟದ ಹೋಟೆಲಿಗೂ ಬಂದವರು ಅಲ್ಲಿ ಕಾರು ನಿಲ್ಲಿಸುತ್ತಿದ್ದರು. ಬಿರುಕುಬಿಟ್ಟ ಡಾಂಬರು, ಮಾಸಿದ ಬಿಳಿ ಗೆರೆಗಳು. ಈ 2.2 ಎಕರೆ ಇಲ್ಲಿನ ಮೂಲನಿವಾಸಿಗಳಾದ ಓಲೋನಿ ಜನರ ಮಸಣ ಎಂದು ಸಾರುವ ದಿಬ್ಬ ಮಾತ್ರ ಎಂದೋ ಮಾಯವಾಗಿತ್ತು.

ಹತ್ತಿರದ ಫ್ರೀಮಾಂಟ್ ಊರಿನ ಕನ್ನಡಿಗರಿಗೆ ಓಲೋನಿ ಎಂದರೆ ಕಾಲೇಜಿನ ಹೆಸರು. ಆ ಜನರೋ ಇನ್ನೂ ಅಲ್ಲೇ ಇದ್ದಾರೆ. ಸ್ಟ್ರಾಬೆರಿ ತೊರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಸೇರುವ ಈ ಕಡೆ ಅವರ ಪೂರ್ವಿಕರು ಸುಮಾರು 5,000 ವರ್ಷಗಳ ಹಿಂದೆಯೇ ನೆಲೆಸಿದ್ದರು. ತಿಂದ ಮರುವಾಯಿಯ ಚಿಪ್ಪು, ಒಲೆಯ ಬೂದಿ, ಮಣ್ಣು ಸೇರಿ ದಿಬ್ಬ ಬೆಳೆಯಿತು. ಸತ್ತವರನ್ನೂ ಅದರಲ್ಲೇ ಹೂಳಿದರು. 1909ರಲ್ಲಿ ಪುರಾತತ್ವಜ್ಞ ನೆಲ್ಸ್ ನೆಲ್ಸನ್ ಕೊಲ್ಲಿಯ ಸುತ್ತ ಇಂಥ 425 ದಿಬ್ಬಗಳ ಲೆಕ್ಕ ಕೊಟ್ಟರು. ಹೊರಗಿನಿಂದ ಬಂದವರು ಚಿಪ್ಪನ್ನು ಅಗೆದು ರಸ್ತೆಗೆ ಹಾಸಿದರು, ಹೊಲಕ್ಕೆ ಗೊಬ್ಬರವಾಗಿ ಹಾಕಿದರು. ಪಕ್ಕದ ಎಮರಿವಿಲ್‌ನ ದೊಡ್ಡ ದಿಬ್ಬದ ಮೇಲೆ ಮೊದಲು ಕುಣಿತದ ಮಂಟಪ ಎದ್ದಿತು. 1924ರಲ್ಲಿ ದಿಬ್ಬವನ್ನೇ ನೆಲಸಮ ಮಾಡಿ ಕಾರ್ಖಾನೆಗೆ ಜಾಗ ಮಾಡಿದರು. 2002ರಲ್ಲಿ ಅಲ್ಲಿ ಮಾಲ್ ತೆರೆಯಿತು.

ಮಸಣದ ಮೇಲೆ ಮಾಲ್!

ಬರ್ಕ್ಲಿಗೂ ಅದೇ ಗತಿ ಬರುವುದರಲ್ಲಿತ್ತು. ನಗರವು 2000ದಲ್ಲೇ ಆ ಜಾಗವನ್ನು ಸ್ಮಾರಕವೆಂದು ಘೋಷಿಸಿತ್ತು. ಆದರೂ 2018ರಲ್ಲಿ 260 ಮನೆಗಳ ಕಟ್ಟಡಕ್ಕೆ ಅರ್ಜಿ ಬಿತ್ತು. ವಸತಿ ಕೊರತೆ ನೀಗಲು ರಾಜ್ಯ ತಂದ ಹೊಸ ಕಾನೂನೇ ಅದಕ್ಕೆ ಆಸರೆ. ನಗರಸಭೆ ಒಪ್ಪಲಿಲ್ಲ, ವ್ಯಾಜ್ಯ ಕೋರ್ಟು ಹತ್ತಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ, ನೆಲದ ಮೇಲೆ ಉಳಿಸಿಕೊಳ್ಳಬೇಕಾದ ಚಾರಿತ್ರಿಕ ರಚನೆ ಯಾವುದೂ ಇಲ್ಲವೆಂದು ಅರ್ಜಿದಾರರ ಪರ ತೀರ್ಪಿತ್ತಿತು. ಹಿಂದಿನವರು ದಿಬ್ಬ ಕಡಿದ ಅನ್ಯಾಯವೇ ಮುಂದಿನವರಿಗೆ ಕಟ್ಟಲು ರಹದಾರಿಯಾಯಿತು.

ಲಿಸ್ಜಾನ್ ಓಲೋನಿ ಮುಖಂಡೆ ಕೊರಿನಾ ಗೂಲ್ಡ್ ಮತ್ತು ಸಂಗಡಿಗರು ಜಗ್ಗಲಿಲ್ಲ. ಅವರ ಸಮುದಾಯಕ್ಕೆ ಒಕ್ಕೂಟ ಸರ್ಕಾರದ ಮಾನ್ಯತೆಯಿಲ್ಲ, ಮೀಸಲು ಭೂಮಿಯೂ ಇಲ್ಲ. ಹಾಗಾಗಿ ಮಹಿಳೆಯರ ಮುಂದಾಳ್ತನದ ಸೊಗೊರಿಯಾ ತೆ ಭೂ ಟ್ರಸ್ಟ್ ಕಟ್ಟಿದ್ದರು. ಕಾರು ನಿಲ್ಲುವ ಜಾಗದಲ್ಲೇ ಜನ ಸೇರಿ ಪ್ರಾರ್ಥನೆ ಮಾಡುತ್ತಿದ್ದರು, ಹಾಡುತ್ತಿದ್ದರು. ಎಮರಿವಿಲ್ ಮಾಲಿನ ಮುಂದೆ ಥ್ಯಾಂಕ್ಸ್‌ಗಿವಿಂಗ್ ಮರುದಿನದ ಖರೀದಿ ಗದ್ದಲದಲ್ಲಿ ನಿಂತು, ಇಲ್ಲಿ ಕೊಳ್ಳಬೇಡಿ, ಕಾಲಡಿ ನಮ್ಮವರಿದ್ದಾರೆ ಎಂದು ವರ್ಷ ವರ್ಷವೂ ಕೇಳಿಕೊಂಡರು.

2024ರ ಜುಲೈಯಲ್ಲಿ ಬರ್ಕ್ಲಿ ನಗರಸಭೆ ಆ ಜಾಗವನ್ನು ಕೊಂಡು ಟ್ರಸ್ಟಿಗೆ ಒಪ್ಪಿಸಲು ಒಮ್ಮತದಿಂದ ತೀರ್ಮಾನಿಸಿತು. ಬೆಲೆ 2.7 ಕೋಟಿ ಡಾಲರ್. ನಗರದ ಪಾಲು 15 ಲಕ್ಷ. ಮಿಕ್ಕಿದ್ದೆಲ್ಲ ಟ್ರಸ್ಟಿನದು, ಅದರಲ್ಲಿ ಬಹುಪಾಲು ದಾನವಾಗಿ ಬಂದದ್ದು. ತಮ್ಮ ಹಿರಿಯರ ಮಸಣಕ್ಕೆ ಬೆಲೆ ಹೊಂದಿಸುವ ಹೊಣೆಯೂ ಅವರ ಮೇಲೆಯೇ ಬಿದ್ದದ್ದು ಸಂಕಟದ ಸಂಗತಿ. ಡಾಂಬರು ಕಿತ್ತು, ನೆಲದಡಿ ಮುಚ್ಚಿಹೋದ ತೊರೆಯನ್ನು ತೆರೆದು, ಪಾಪಿ ಹೂ ಹೊದ್ದ ಹೊಸ ದಿಬ್ಬ ಎತ್ತುವುದು ಗೂಲ್ಡ್ ಅವರ ಕನಸು.